ಅರವಟ್ಟಿಗೆಯನ್ನು ಒಪ್ಪಿಸುವ ರೀತಿ

(ನಮ್ಮ ಉಚಿತ ವಾಚನಾಲಯದ ವಾರ್ಷಿಕ ಸಭೆಯಲ್ಲಿ, ಹೊಸ ಸಮಿತಿಗೆ ಕಾರ್ಯಭಾರವನ್ನು ಒಪ್ಪಿಸುವ ಸಂದರ್ಭದಲ್ಲಿ, ಹಳೆಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ಬೀಗದ ಕೈಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಭಾಷಣ ಬೇಕಾಗಿಲ್ಲ. ಆದರೂ ಹೊರಡುವವರು ನಾಲ್ಕು ಮಾತು ಆಡಲೇಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಮ್ಮಲ್ಲಿ ಕೆಲವರಿಗೆ ವಯಸ್ಸಾಯಿತು, ಕೆಲವರಿಗೆ ಊರಿಗೆ ಮರಳುವ ಕಾಲ ಬಂತು. ಈ ವಾಚನಾಲಯದ ಪತ್ರಿಕೆಗಳ ಮೇಜು, ಪುಸ್ತಕಗಳ ಕಪಾಟು, ಮೂಲೆಯಲ್ಲಿರುವ ಒಂದು ಗಣಕಯಂತ್ರ, ಗೋಡೆಗೆ ಮೊಳೆ ಹೊಡೆದು ಕೂರಿಸಿದ ವೈಫೈ ಪೆಟ್ಟಿಗೆ, ಇವೆಲ್ಲ ಇಂದಿನಿಂದ ಹೊಸಬರ ವಶಕ್ಕೆ ಬರುತ್ತವೆ.

ಪತ್ರಿಕೆ, ಪುಸ್ತಕಗಳ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಆ ಪೆಟ್ಟಿಗೆಯ ವಿಷಯದಲ್ಲಿ. ಉಚಿತ ಇಂಟರ್ನೆಟ್ಟನ್ನು ಇನ್ನು ನಿಲ್ಲಿಸಿಬಿಡೋಣ, ಎಲ್ಲರ ಕಿಸೆಯಲ್ಲೂ ಮೊಬೈಲಿದೆ, ಆ ಹಣದಲ್ಲಿ ಎರಡು ಹೊಸ ಕಪಾಟು ಬರುತ್ತವೆ ಎಂದು ಕೆಲವು ಸದಸ್ಯರು ಸೂಚನೆ ಕೊಟ್ಟಿದ್ದಾರೆ. ಸೂಚನೆ ಕೊಟ್ಟವರು ಸಂಘದ ಹಿತವನ್ನೇ ಬಯಸುವವರು. ಅದರ ತೀರ್ಮಾನ ಹೊಸ ಸಮಿತಿಯದು. ನಾವು ಅದರಲ್ಲಿ ಕೈಹಾಕುವುದಿಲ್ಲ. ಆದರೆ ಉಚಿತವಾಗಿ ನಡೆದುಬಂದ ಒಂದು ಸೌಕರ್ಯವನ್ನು ನಿಲ್ಲಿಸುವುದಾದರೆ ಹೇಗೆ ನಿಲ್ಲಿಸಬೇಕು, ಒಪ್ಪಿಸುವುದಾದರೆ ಹೇಗೆ ಒಪ್ಪಿಸಬೇಕು ಎಂಬ ಬಗೆಗೆ ನಮಗೆ ತಿಳಿದುದನ್ನು, ಅದಕ್ಕಿಂತ ಹೆಚ್ಚಾಗಿ ನಾವು ತಪ್ಪಿ ಕಲಿತುದನ್ನು, ಹೇಳಿ ಹೋಗುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ನಮ್ಮ ಕಡೆ ಬೇಸಗೆಯಲ್ಲಿ ದಾರಿಯ ಬದಿಗೆ ಅರವಟ್ಟಿಗೆ ಇಡುವ ಪದ್ಧತಿ ನಿಮಗೆಲ್ಲ ಗೊತ್ತು. ಒಂದು ಚಪ್ಪರ, ಎರಡು ಮಣ್ಣಿನ ಹರವಿ, ಒಂದು ಚೊಂಬು. ಸಂತೆಗೆ ಹೋಗುವವನೂ ಕುಡಿಯುತ್ತಾನೆ, ಸಾಹುಕಾರನೂ ಕುಡಿಯುತ್ತಾನೆ. ಮಳೆ ಹಿಡಿದ ಮೇಲೆ ಚಪ್ಪರ ಬಿಚ್ಚುತ್ತಾರೆ. ಬಿಚ್ಚಿದ್ದಕ್ಕೆ ಯಾರೂ ಬೈಯುವುದಿಲ್ಲ. ಆದರೆ ಮಳೆ ನಿಜವಾಗಿ ಬಂದಿದೆಯೋ, ನಮ್ಮ ಮನೆಯ ಅಂಗಳಕ್ಕೆ ಮಾತ್ರ ಬಂದಿದೆಯೋ ಎಂದು ನೋಡಿ ಬಿಚ್ಚುವುದು ಧರ್ಮ. ಇಂದಿನ ನಮ್ಮ ಮಾತೆಲ್ಲ ಇಷ್ಟೇ.

ದೊಡ್ಡದೊಂದು ಅರವಟ್ಟಿಗೆಯ ಕಥೆಯಿಂದ ಪ್ರಾರಂಭಿಸೋಣ. ಅದು ನಡೆದದ್ದು ಈ ಮುಂಬಯಿಯಲ್ಲೇ, ನಮ್ಮ ಕಣ್ಣೆದುರಿಗೇ. ರೈಲ್ವೆ ಸ್ಟೇಷನ್ನುಗಳಲ್ಲಿ ಗೂಗಲ್ ಕಂಪೆನಿಯವರು ನಡೆಸಿದ ಉಚಿತ ವೈಫೈ ಕಥೆ ಅದು.

2015ರ ಸೆಪ್ಟೆಂಬರಿನಲ್ಲಿ ನಮ್ಮ ಪ್ರಧಾನಿಯವರು ಅಮೆರಿಕಕ್ಕೆ ಹೋಗಿದ್ದಾಗ ಗೂಗಲ್ ಸಂಸ್ಥೆ ಈ ಯೋಜನೆಯನ್ನು ಪ್ರಕಟಿಸಿತು. ಮೊದಲು ನೂರು ಸ್ಟೇಷನ್ನು, ಅನಂತರ ನಾನೂರು ಎಂಬ ಗುರಿ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ಮೊದಲ ಬಾರಿಗೆ ಅದು ಆರಂಭವಾಯಿತು. ಆ ವರ್ಷದ ಕೊನೆಗೆ ನೂರನೆಯ ಸ್ಟೇಷನ್ನಾಗಿ ನೀಲಗಿರಿಯ ಉದಕಮಂಡಲ ಸೇರಿತು. 2018ರ ಜೂನಿನಲ್ಲಿ ನಾನೂರನೆಯದಾಗಿ ಅಸ್ಸಾಮಿನ ದಿಬ್ರುಗಢ ಸೇರಿತು.

ಇದರ ಏರ್ಪಾಡನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಮುಂದೆ ಬರುವ ಮಾತಿಗೆ ಅದೇ ಬೀಗದ ಕೈ. ರೈಲು ಹಳಿಯ ಪಕ್ಕದಲ್ಲಿ ಊರಿಂದೂರಿಗೆ ಗಾಜಿನ ಎಳೆಯ ತಂತಿ ಹಾಯ್ದು ಹೋಗಿದೆ. ಅದನ್ನು ಎಳೆದದ್ದು ರೈಲ್‌ಟೆಲ್. ಅದು 2000ದಲ್ಲಿ ಹುಟ್ಟಿದ, ರೈಲ್ವೆ ಇಲಾಖೆಗೆ ಸೇರಿದ ಸರಕಾರಿ ಸಂಸ್ಥೆ. ಸ್ಟೇಷನ್ನಿನವರೆಗೆ ಬರುವ ಆ ದಾರಿ ರೈಲ್‌ಟೆಲ್‌ನದು. ಸ್ಟೇಷನ್ನಿನ ಒಳಗೆ ಕಂಬ ಕಂಬಕ್ಕೆ ಪೆಟ್ಟಿಗೆ ಹಾಕಿ, ಪ್ರಯಾಣಿಕನ ಮೊಬೈಲಿಗೆ ಗಾಳಿಯಲ್ಲಿ ತಲಪಿಸುವ ಉಪಕರಣ ಮತ್ತು ವಿದ್ಯೆ ಗೂಗಲ್‌ನದು. ಪ್ರಯಾಣಿಕ ತನ್ನ ಮೊಬೈಲಿನ ನಂಬರು ಕೊಟ್ಟರೆ ಒಂದು ಗುಟ್ಟಿನ ಅಂಕಿ ಬರುತ್ತಿತ್ತು. ಅದನ್ನು ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಅಂದರೆ ಬಾವಿ ಒಬ್ಬರದು, ಹಗ್ಗ ಕೊಡ ಇನ್ನೊಬ್ಬರದು.

ಆ ದಿನಗಳನ್ನು ನೆನೆಸಿಕೊಳ್ಳಿ. ಊರಿಂದ ತಂದ ಸಿಮ್ಮಿಗೆ ಇಲ್ಲಿ ರೋಮಿಂಗ್ ದರ ಬೀಳುತ್ತಿತ್ತು. ಇಂಟರ್ನೆಟ್ಟು ತುಟ್ಟಿಯ ಸರಕು. ಕೆಲಸ ಮುಗಿದ ಮೇಲೆ ನಮ್ಮ ಹುಡುಗರು ಸ್ಟೇಷನ್ನಿಗೆ ಹೋಗಿ, ಯಾವ ಗಾಡಿಯನ್ನೂ ಹತ್ತದೆ, ಕಂಬಕ್ಕೊರಗಿ ಕೂತಿರುತ್ತಿದ್ದರು. ದಾದರಿನಲ್ಲಿ ಅಂಥವರನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಒಬ್ಬ ತಂಗಿಯ ಮದುವೆಯ ಫೋಟೋ ನೋಡುತ್ತಿದ್ದ. ಒಬ್ಬ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದ. ಎರ್ನಾಕುಲಂ ಸ್ಟೇಷನ್ನಿನ ಒಬ್ಬ ಹಮಾಲರು ತಲೆಯ ಮೇಲೆ ಪ್ರಯಾಣಿಕರ ಗಂಟು, ಕಿವಿಯಲ್ಲಿ ಪಾಠ, ಹೀಗೆ ಸ್ಟೇಷನ್ನಿನ ವೈಫೈಯಿಂದಲೇ ಓದಿಕೊಂಡು ಕೇರಳದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ಪಾಸಾದ ಸುದ್ದಿ 2018ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದನ್ನು ಓದಿ ನಮ್ಮ ವಾಚನಾಲಯದ ಎಷ್ಟೋ ಹುಡುಗರು ಬೆನ್ನು ನೆಟ್ಟಗೆ ಮಾಡಿ ಕೂತರು.

ಹೀಗಿರುವಾಗ 2020ರ ಫೆಬ್ರುವರಿಯಲ್ಲಿ ಗೂಗಲ್ ತನ್ನ ಪಾಲಿನ ಕೆಲಸವನ್ನು ಆ ವರ್ಷದಲ್ಲೇ ಹಂತಹಂತವಾಗಿ ಮುಗಿಸುವುದಾಗಿ ಪ್ರಕಟಿಸಿತು. ನಮ್ಮ ದೇಶದಲ್ಲಷ್ಟೇ ಅಲ್ಲ, ಇಂಡೊನೇಷ್ಯಾ, ಮೆಕ್ಸಿಕೊ, ನೈಜೀರಿಯಾ ಮೊದಲಾದ ಕಡೆಯಲ್ಲಿಯೂ. ಕಾರಣವನ್ನೂ ಹೇಳಿತು. ಐದು ವರ್ಷಗಳಲ್ಲಿ ಭಾರತದಲ್ಲಿ ಮೊಬೈಲ್ ಡೇಟಾದ ದರ ನೂರಕ್ಕೆ 95ರಷ್ಟು ಇಳಿದಿದೆ, ಸರಾಸರಿ ಒಬ್ಬ ಬಳಕೆದಾರ ತಿಂಗಳಿಗೆ ಹತ್ತಿರ ಹತ್ತಿರ 10 ಜಿಬಿ ಬಳಸುತ್ತಾನೆ, ಆದುದರಿಂದ ಮೊದಲಿನ ಅಗತ್ಯ ಈಗಿಲ್ಲ ಎಂಬುದು ಒಂದು ಕಾರಣ. ದೇಶ ದೇಶದಲ್ಲಿ ಬೇರೆ ಬೇರೆ ಜೊತೆಗಾರರು, ಬೇರೆ ಬೇರೆ ಏರ್ಪಾಡು, ಎಲ್ಲ ಕಡೆ ನಡೆಸಿಕೊಂಡು ಹೋಗುವುದು ಕಷ್ಟ ಎಂಬುದು ಇನ್ನೊಂದು.

ಮಹನೀಯರೇ, ಈ ಕಾರಣದಲ್ಲಿ ಸತ್ಯವಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾದ ದರ ಹೇಗೆ ಕುಸಿಯಿತೆಂಬುದನ್ನು ನಾವೇ ಅನುಭವಿಸಿದ್ದೇವೆ. ಮಳೆ ಬಂದದ್ದು ನಿಜ. ಆದರೆ ಸರಾಸರಿ ಎಂಬ ಲೆಕ್ಕವನ್ನು ಗುಮಾಸ್ತರಾದ ನಾವು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಸರಾಸರಿ ಮೊಣಕಾಲುದ್ದ ಆಳವಿರುವ ಹೊಳೆಯಲ್ಲಿಯೂ ಮನುಷ್ಯ ಮುಳುಗುವ ಮಡು ಇರುತ್ತದೆ. ತಿಂಗಳಿಗೆ 10 ಜಿಬಿ ಎಂಬ ಸರಾಸರಿಯಲ್ಲಿ ಇಡೀ ದಿನ ಸಿನೆಮಾ ನೋಡುವವನೂ ಇದ್ದಾನೆ, ರಿಚಾರ್ಜು ಮುಗಿದು ಹತ್ತು ದಿವಸವಾದವನೂ ಇದ್ದಾನೆ.

ಆ ಮಡು ಎಲ್ಲಿತ್ತೆಂಬುದು ಅದೇ ವರ್ಷ ಗೊತ್ತಾಯಿತು. ಗೂಗಲ್ ಪ್ರಕಟಣೆ ಹೊರಟು ಐದು ವಾರಗಳೊಳಗೆ ದೇಶದಲ್ಲಿ ಪ್ರಯಾಣಿಕರ ರೈಲುಗಳೇ ನಿಂತವು. ಪ್ಲಾಟ್‌ಫಾರಮ್ಮುಗಳು ಬಿಕೋ ಎಂದವು. ಮೇ ತಿಂಗಳಲ್ಲಿ ಊರಿಗೆ ಮರಳಬೇಕೆಂದರೆ ಕರ್ನಾಟಕ ಸರಕಾರದ ಸೇವಾಸಿಂಧು ತಾಣದಲ್ಲಿ ಅರ್ಜಿ ತುಂಬಬೇಕಾಗಿತ್ತು. ಕೂಲಿ ನಿಂತು, ಕೈಯಲ್ಲಿ ಮೊಬೈಲಿದ್ದರೂ ಅದರೊಳಗೆ ದುಡ್ಡಿಲ್ಲದೆ, ಅರ್ಜಿ ತುಂಬಿಸಿಕೊಡಿ ಎಂದು ಮನೆ ಬಾಗಿಲಿಗೆ ಬಂದ ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಟ್ಟಡದ ಕೆಲಸದವರ ಮುಖಗಳು ನಮಗೆ ಮರೆತಿಲ್ಲ. ಅಂಥವನಿಗೆ ಬೇಕಾಗಿದ್ದುದು ತಿಂಗಳ 10 ಜಿಬಿಯಲ್ಲ. ಒಂದೇ ಒಂದು ಅರ್ಧಗಂಟೆ, ಅದೂ ಆ ದಿನವೇ.

ಇನ್ನು ಗೂಗಲ್ ಹೊರಟ ಮೇಲೆ ಸ್ಟೇಷನ್ನುಗಳಲ್ಲಿ ಏನಾಯಿತು? ಪ್ರಕಟಣೆಯನ್ನು ಅರ್ಧ ಓದಿದವರು ಉಚಿತ ವೈಫೈ ಮುಗಿದೇ ಹೋಯಿತೆಂದು ತಿಳಿದರು. ಹಾಗಾಗಲಿಲ್ಲ. ರೈಲ್‌ಟೆಲ್ ಕೂಡಲೇ ಹೇಳಿಕೆ ಕೊಟ್ಟಿತು: ಗೂಗಲ್ ಜೊತೆಗಿದ್ದುದು 415 ಸ್ಟೇಷನ್ನುಗಳಲ್ಲಿ, ಉಳಿದ ಸಾವಿರಾರು ಸ್ಟೇಷನ್ನುಗಳನ್ನು ನಾವು ಬೇರೆಯವರೊಡನೆ ನಡೆಸುತ್ತಲೇ ಇದ್ದೇವೆ, ಎಲ್ಲಿಯೂ ನಿಲ್ಲಿಸುವುದಿಲ್ಲ ಎಂದು. ನಿಲ್ಲಿಸಲೂ ಇಲ್ಲ. 2021ರ ಮೇ ತಿಂಗಳಲ್ಲಿ ಝಾರ್ಖಂಡದ ಹಜಾರಿಬಾಗ್ ಟೌನ್ 6000ನೆಯ ವೈಫೈ ಸ್ಟೇಷನ್ನಾಯಿತು.

ಏಕೆ ಹೀಗೆ ಮುಂದುವರಿಯಿತು? ಬಾವಿ ಸಾರ್ವಜನಿಕರದಾಗಿತ್ತು. ಹಗ್ಗ ಕೊಡದವರು ಹೊರಟರು, ಬಾವಿ ಉಳಿಯಿತು. ಹೊಸ ಕೊಡ ತರುವುದು ಸುಲಭ, ಹೊಸ ಬಾವಿ ತೋಡುವುದು ಕಷ್ಟ. ಮೊದಲ ದಿನವೇ ಕೆಲಸವನ್ನು ಹಾಗೆ ಹಂಚಿಕೊಂಡದ್ದರಿಂದ ಕೊನೆಯ ದಿನ ತೊಂದರೆಯಾಗಲಿಲ್ಲ. ಇದು ನಾವು ನೆನಪಿಡಬೇಕಾದ ಮೊದಲ ಪಾಠ: ಒಪ್ಪಿಸುವ ಕೆಲಸ ಕೊನೆಯ ದಿನ ಶುರುವಾಗುವುದಲ್ಲ, ಸ್ಥಾಪನೆಯ ದಿನವೇ ಶುರುವಾಗುತ್ತದೆ.

ಬದಲಾವಣೆ ಏನೂ ಆಗಲಿಲ್ಲವೆಂದಲ್ಲ. 2021ರ ಮಾರ್ಚಿನಲ್ಲಿ ರೈಲ್‌ಟೆಲ್ ನಾಲ್ಕು ಸಾವಿರ ಸ್ಟೇಷನ್ನುಗಳಲ್ಲಿ ಹಣ ಕೊಟ್ಟು ಬಳಸುವ ಏರ್ಪಾಡನ್ನೂ ತಂದಿತು. ದಿನಕ್ಕೆ ಮೊದಲ 30 ನಿಮಿಷ 1 ಎಂಬಿಪಿಎಸ್ ವೇಗದಲ್ಲಿ ಉಚಿತ. ಅದಕ್ಕಿಂತ ಹೆಚ್ಚಿನ ವೇಗ ಬೇಕಾದವರಿಗೆ ದಿನಕ್ಕೆ 10 ರೂಪಾಯಿಗೆ 5 ಜಿಬಿ, ತಿಂಗಳಿಗೆ 75 ರೂಪಾಯಿಗೆ 60 ಜಿಬಿ, ತೆರಿಗೆ ಬೇರೆ. ಕೆಲವರು ಇದನ್ನು ಕಂಡು, ನೋಡಿ, ಧರ್ಮದ ನೀರಿಗೆ ದರ ಹಾಕಿದರು ಎಂದರು. ನಮಗೆ ಹಾಗೆ ಅನ್ನಿಸಲಿಲ್ಲ. ಕೊಡಗಟ್ಟಲೆ ಹೊತ್ತುಕೊಂಡು ಹೋಗುವವನಲ್ಲಿ ನಾಲ್ಕು ಕಾಸು ಕೇಳಿ, ಬಾಯಾರಿ ಬಂದವನಿಗೆ ಮೊದಲ ಚೊಂಬನ್ನು ಧರ್ಮಕ್ಕೆ ಕೊಟ್ಟರೆ ತಪ್ಪೇನಿದೆ? ಅರ್ಜಿ ತುಂಬುವವನಿಗೆ ಆ 30 ನಿಮಿಷ ಸಾಕು. ಮಗುವಿನ ಮುಖ ನೋಡುತ್ತ ಮಾತಾಡಬೇಕೆನ್ನುವವನಿಗೆ ಆ ವೇಗ ಕಷ್ಟವೇ ಸರಿ. ಆದರೂ ಪೂರ್ತಿ ಮುಚ್ಚುವುದಕ್ಕೂ ಪೂರ್ತಿ ತೆರೆದಿಡುವುದಕ್ಕೂ ನಡುವೆ ಒಂದು ದಾರಿಯಿದೆ ಎಂಬುದು ಎರಡನೆಯ ಪಾಠ.

ಹೀಗೆ ಒಪ್ಪಿಸುವ ಭಾಗ್ಯ ಎಲ್ಲ ಸೌಕರ್ಯಗಳಿಗೂ ಇರುವುದಿಲ್ಲ. ಕೆಲವಕ್ಕೆ ಮುಚ್ಚುವುದೊಂದೇ ದಾರಿ. ನಮ್ಮ ತಾರು ಅಂಥದು. 2013ರ ಜುಲೈ 14ರಂದು ಕೊನೆಯ ತಂತಿಗಳನ್ನು ತೆಗೆದುಕೊಂಡು ಬಿ.ಎಸ್.ಎನ್.ಎಲ್. ಅದನ್ನು ನಿಲ್ಲಿಸಿತು. ನೂರೈವತ್ತು ವರ್ಷಕ್ಕೂ ಮಿಗಿಲಾಗಿ ನಡೆದ ಸೇವೆ. ಹಳ್ಳಿಯಲ್ಲಿ ತಾರು ಬಂತೆಂದರೆ ಓದುವ ಮುಂಚೆಯೇ ಅಳು ಏಳುತ್ತಿತ್ತು. ನಮ್ಮಲ್ಲಿ ಎಷ್ಟೋ ಮಂದಿ ತಂದೆಯ ಕಾಹಿಲೆಯ ಸುದ್ದಿಯನ್ನು ಆ ತುಂಡು ಕಾಗದದಲ್ಲೇ ಓದಿ ರಾತ್ರಿಯ ಗಾಡಿ ಹಿಡಿದವರು. ಅದು ನಷ್ಟದಲ್ಲಿತ್ತು, ಅದರ ಕೆಲಸವನ್ನು ಮೊಬೈಲು ಮಾಡುತ್ತಿತ್ತು, ಯಾರಿಗೂ ಒಪ್ಪಿಸುವಂತಿರಲಿಲ್ಲ. ಆದರೆ ಮುಂಚಿತವಾಗಿ ದಿನ ಗೊತ್ತುಮಾಡಿ ಹೇಳಿದರು. ಜನ ಕೊನೆಯ ದಿನ ಸಾಲು ನಿಂತು, ತಮ್ಮ ಮಕ್ಕಳಿಗೆ, ಗೆಳೆಯರಿಗೆ, ಕೆಲವರು ತಮಗೆ ತಾವೇ ಒಂದೊಂದು ತಾರು ಕಳಿಸಿ ಬಂದರು. ಸತ್ತವರನ್ನು ಹೊರುವುದಕ್ಕೂ ನಾಲ್ಕು ಜನ ಬೇಕಲ್ಲವೆ? ಆ ಮರ್ಯಾದೆ ತಾರಿಗೆ ಸಿಕ್ಕಿತು.

ಇನ್ನೊಂದು ಉದಾಹರಣೆ ಅಮೆರಿಕದ್ದು. 1994ರಲ್ಲಿ ಹುಟ್ಟಿದ ಜಿಯೋಸಿಟೀಸ್ ಎಂಬ ತಾಣ ಸಾಮಾನ್ಯ ಜನರಿಗೆ ಇಂಟರ್ನೆಟ್ಟಿನಲ್ಲಿ ಒಂದಿಷ್ಟು ಜಾಗವನ್ನು ಬಿಟ್ಟಿಯಾಗಿ ಕೊಡುತ್ತಿತ್ತು. ಊರಿನಲ್ಲಿ ಕೇರಿಗಳಿರುವಂತೆ ಅಲ್ಲಿಯೂ ವಿಷಯಕ್ಕೊಂದು ಕೇರಿ. ಜನ ತಮ್ಮ ಮನೆತನದ ಚರಿತ್ರೆ, ತೀರಿಹೋದ ಮಗುವಿನ ನೆನಪು, ಊರಿನ ಹಾಡು, ಅಡುಗೆ, ಎಲ್ಲವನ್ನೂ ಅಲ್ಲಿ ಬರೆದಿಟ್ಟರು. 1999ರಲ್ಲಿ ಯಾಹೂ ಅದನ್ನು ಕೊಂಡಿತು. ಹತ್ತು ವರ್ಷವಾದ ಮೇಲೆ, 2009ರ ಅಕ್ಟೋಬರ್ 26ರಂದು ಮುಚ್ಚಿತು. ಮುಚ್ಚುವುದಕ್ಕೆ ತಿಂಗಳುಗಳ ಮುಂಚೆ ಪ್ರಕಟಣೆ ಕೊಟ್ಟಿದ್ದರು. ಆದರೆ ಬರೆದಿಟ್ಟವರಲ್ಲಿ ಎಷ್ಟೋ ಮಂದಿ ಅತ್ತ ಸುಳಿಯದೆ ವರ್ಷಗಳಾಗಿದ್ದವು. ಕೆಲವರು ಬದುಕಿಯೇ ಇರಲಿಲ್ಲ. ಪ್ರಕಟಣೆ ಹೊರಟಿತು, ತಲಪಬೇಕಾದವರಿಗೆ ತಲಪಲಿಲ್ಲ. ಯಾವ ಸಂಬಂಧವೂ ಇಲ್ಲದ ಸ್ವಯಂಸೇವಕರು ಹಗಲಿರುಳು ಕೂತು ಆ ಪುಟಗಳನ್ನು ನಕಲು ಮಾಡಿಟ್ಟುಕೊಂಡದ್ದರಿಂದ ಬಹಳಷ್ಟು ಉಳಿಯಿತು. ಕೈಗೆ ಸಿಗದೆ ಹೋದದ್ದು ಹೋಯಿತು. ಹೇಳಿದರಾಯಿತು ಎಂಬುದು ಬೇರೆ, ಕೇಳಿಸಿತೇ ಎಂದು ನೋಡುವುದು ಬೇರೆ. ಇದು ಮೂರನೆಯ ಪಾಠ.

ಈ ಮೂರನೆಯ ಪಾಠವನ್ನು ನಾವು ಅಮೆರಿಕದಿಂದ ಕಲಿಯಲಿಲ್ಲ. ಇದೇ ಬಾಗಿಲಲ್ಲಿ ಕಲಿತೆವು. ಆ ಸಂಗತಿಯನ್ನು ಇಷ್ಟು ವರ್ಷ ಸಭೆಯಲ್ಲಿ ಹೇಳಿಲ್ಲ. ಇಂದು ಹೇಳದೆ ಕೈ ಒಪ್ಪಿಸಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಾಚನಾಲಯಕ್ಕೆ ಸುಣ್ಣಬಣ್ಣ ಮಾಡಿಸಿದೆವು. ಶನಿವಾರದಿಂದ ಸೋಮವಾರದವರೆಗೆ ಮುಚ್ಚಿರುವುದೆಂದು ನಿಶ್ಚಯವಾಯಿತು. ಅಂದವಾಗಿ ಒಂದು ಪ್ರಕಟಣೆ ಬರೆದು, ಮೊಹರು ಒತ್ತಿ, ಸೂಚನಾ ಫಲಕಕ್ಕೆ ಅಂಟಿಸಿದೆವು. ನಮ್ಮ ಸೂಚನಾ ಫಲಕ ಎಲ್ಲಿದೆ? ಒಳಗಿದೆ. ಬೀಗ ಹಾಕಿದ ಬಾಗಿಲಿನ ಒಳಗೆ!

ಕುಂದಾಪುರದ ಕಡೆಯ ಒಬ್ಬ ಹುಡುಗ, ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವನು. ಒಂದು ಸರಕಾರಿ ಹುದ್ದೆಗೆ ಅರ್ಜಿ ಹಾಕಬೇಕಾಗಿತ್ತು. ಕಡೆಯ ದಿನ ಸೋಮವಾರ. ಫೋಟೋ, ಸಹಿ, ಅಂಕಪಟ್ಟಿ ಎಲ್ಲವನ್ನೂ ನಮ್ಮ ಗಣಕಯಂತ್ರದಲ್ಲೇ ಹೊಂದಿಸಿಟ್ಟಿದ್ದ. ಶನಿವಾರ ರಾತ್ರಿ ಪಾಳಿ ಮುಗಿಸಿ ಬಂದ, ಬೀಗ. ಆದಿತ್ಯವಾರ ಬಂದ, ಬೀಗ. ಸೋಮವಾರ ಮಧ್ಯಾಹ್ನ ಮಾಲೀಕರ ಕಾಲು ಹಿಡಿದು ಒಂದು ಗಂಟೆ ರಜೆ ತೆಗೆದುಕೊಂಡು ಬಂದ, ಬೀಗ. ನಮ್ಮಲ್ಲಿ ಯಾರ ಮನೆ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬಾಗಿಲ ಮೇಲೆ ಒಂದು ಫೋನ್ ನಂಬರೂ ಇರಲಿಲ್ಲ.

ಮಂಗಳವಾರ ಸಂಜೆ ಬಂದು ವಿಷಯ ಹೇಳಿದ. ನಮಗೆ ಮಾತೇ ಹೊರಡಲಿಲ್ಲ. ಅವನೇ ನಮಗೆ ಸಮಾಧಾನ ಹೇಳುವವನಂತೆ, "ಅಡ್ಡಿಲ್ಲೆ, ಸರ್" ಎಂದ. ಸೂಚನಾ ಫಲಕದ ಹತ್ತಿರ ಹೋಗಿ ನಮ್ಮ ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಏನೂ ಅನ್ನಲಿಲ್ಲ. ಪತ್ರಿಕೆ ತೆಗೆದುಕೊಂಡು ಮೂಲೆಯಲ್ಲಿ ಕೂತ. ಆ ಹುದ್ದೆಗೆ ಮತ್ತೆ ಅರ್ಜಿ ಕರೆಯುವ ಹೊತ್ತಿಗೆ ಅವನ ವಯಸ್ಸು ಮಿತಿಯನ್ನು ದಾಟಿತ್ತು.

ಬೈದಿದ್ದರೆ ನಾವು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆವೋ ಏನೋ. ಆ "ಅಡ್ಡಿಲ್ಲೆ" ಎಂಬ ಮಾತು ಮಾತ್ರ ಇಂದಿಗೂ ಕಿವಿಯಲ್ಲಿದೆ. ಬಿಟ್ಟಿ ಕೊಡುವವರಿಗೆ ಒಂದು ಸೊಕ್ಕು ಬರುತ್ತದೆ: ನಾವೇನು ಕಾಸು ತೆಗೆದುಕೊಂಡಿದ್ದೇವೆಯೆ, ಒಂದೆರಡು ದಿನ ಮುಚ್ಚಿದರೆ ಏನಾಯಿತು ಎಂದು. ಹಣ ಕೊಟ್ಟವನು ಬಂದು ಜಗಳವಾಡುತ್ತಾನೆ, ರಶೀದಿ ತೋರಿಸುತ್ತಾನೆ. ಉಚಿತವಾಗಿ ಪಡೆಯುವವನ ಕೈಯಲ್ಲಿ ರಶೀದಿಯಿಲ್ಲ. ಅವನು ಬಾಗಿಲವರೆಗೆ ಬಂದು, ಬೀಗ ನೋಡಿ, ಹಿಂತಿರುಗಿ ಹೋಗುತ್ತಾನೆ. ಅವನ ನಷ್ಟ ಯಾವ ಜಮಾಖರ್ಚಿನ ಪುಸ್ತಕಕ್ಕೂ ಏರುವುದಿಲ್ಲ. ಅದಕ್ಕಾಗಿಯೇ, ಬಿಟ್ಟಿ ಕೊಡುವವರು ಹಣಕ್ಕೆ ಕೊಡುವವರಿಗಿಂತ ಹೆಚ್ಚು ನಿಯಮದಿಂದಿರಬೇಕು ಎಂದು ನಾವು ನಂಬುತ್ತೇವೆ. ಆ ವಾರವೇ ಹೊರಬಾಗಿಲಿಗೆ ಒಂದು ಸಣ್ಣ ಫಲಕ ಬಂತು, ಅದರ ಮೇಲೆ ಎರಡು ಫೋನ್ ನಂಬರು ಬಂದವು.

ಈಗ ನಮ್ಮ ಮುಂದಿರುವ ಪ್ರಶ್ನೆಗೆ ಬರೋಣ. ಯಾರೂ ಬಳಸುವುದಿಲ್ಲ ಎಂಬ ಸೂಚನೆ ಬಂದಾಗ, ವಾದ ಮಾಡುವ ಬದಲು ಒಂದು ವಾರ ಸುಮ್ಮನೆ ಕೂತು ನೋಡೋಣವೆಂದು ನಾವು ಸರದಿಯ ಮೇಲೆ ಕೂತೆವು. ನಿಜ ಹೇಳಬೇಕೆಂದರೆ, ಬಂದವರು ಮೊದಲಿಗಿಂತ ಬಹಳ ಕಡಿಮೆ. ಸೂಚನೆ ಕೊಟ್ಟವರ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಬಂದವರು ಯಾರು?

ಮನೆಗಳಲ್ಲಿ ಅಡುಗೆ ಮಾಡುವ ಒಬ್ಬ ತಾಯಿ ಬಂದರು. ಮನೆಯಲ್ಲಿರುವುದು ಒಂದೇ ಮೊಬೈಲು, ಅದು ಹಗಲೆಲ್ಲ ಮಗನ ಕೈಯಲ್ಲಿ. ಅವರಿಗೆ ರೇಷನ್ ಕಾರ್ಡಿನ ಅರ್ಜಿ ಎಲ್ಲಿಗೆ ಬಂತೆಂದು ನೋಡಬೇಕಾಗಿತ್ತು. ನಿವೃತ್ತರಾದ ಒಬ್ಬ ಗುಮಾಸ್ತರು ಬಂದರು. ನವೆಂಬರ್ ತಿಂಗಳಲ್ಲಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡದಿದ್ದರೆ ಪೆನ್ಶನ್ ನಿಲ್ಲುತ್ತದೆ. 2014ರಿಂದ ಅದನ್ನು ಗಣಕಯಂತ್ರದ ಮೂಲಕವೂ ಕೊಡಬಹುದು, ಆದರೆ ಬೆರಳು ಒತ್ತುವುದು ಎಲ್ಲಿ, ಅಂಕಿ ಬರೆಯುವುದು ಎಲ್ಲಿ ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು. ಸೆಂಟ್ರಿಂಗ್ ಕೆಲಸದ ಒಬ್ಬಾತ ಬಂದ. ರಿಚಾರ್ಜು ಮುಗಿದಿತ್ತು, ಬಟವಾಡೆಗೆ ನಾಲ್ಕು ದಿನವಿತ್ತು, ಊರಿನಲ್ಲಿ ಮಗುವಿಗೆ ಜ್ವರ. ಗೋಡೆಯ ಕಡೆಗೆ ಮುಖ ಮಾಡಿ ನಿಂತು ಹತ್ತು ನಿಮಿಷ ಮಾತಾಡಿ, ಮುಖ ಒರಸಿಕೊಂಡು ಹೋದ.

ಎಲ್ಲರೂ ಹೋದ ಮೇಲೆ ಉಳಿದವರು ಇವರು. ಕುಡಿಯುವವರ ಸಂಖ್ಯೆ ಇಳಿದಿದೆ, ಬಾಯಾರಿಕೆ ಇಳಿದಿಲ್ಲ.

ಹೊಸ ಸಮಿತಿಯವರಿಗೆ ನಮ್ಮ ವಿಜ್ಞಾಪನೆ ಏನೆಂದರೆ: ನಡೆಸಿಕೊಂಡು ಹೋಗುವುದು ಸಾಧ್ಯವಾದರೆ ನಡೆಸಿ. ಹಣದ ಅಡಚಣೆಯಾದರೆ ಪೂರ್ತಿ ಮುಚ್ಚುವ ಮೊದಲು ಸಮಯವನ್ನು ಕಡಿಮೆ ಮಾಡಿ, ಮೊದಲ ಅರ್ಧಗಂಟೆಯನ್ನಾದರೂ ಧರ್ಮಕ್ಕೆ ಉಳಿಸಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಒಪ್ಪಿದ ಪಿಎಂ-ವಾಣಿ ಎಂಬ ಯೋಜನೆಯಿದೆ. ಹಿಂದೆ ಎಸ್.ಟಿ.ಡಿ. ಬೂತು ಇಟ್ಟುಕೊಳ್ಳುತ್ತಿದ್ದಂತೆ, ಈಗ ಸಣ್ಣ ಅಂಗಡಿಯವನೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು ಎಂಬುದು ಅದರ ತಿರುಳು. 2022ರ ಮೇ ತಿಂಗಳಲ್ಲಿ ರೈಲ್‌ಟೆಲ್ ನೂರು ಸ್ಟೇಷನ್ನುಗಳಲ್ಲಿ ಆ ರೀತಿಯ ಪ್ರವೇಶವನ್ನೂ ತೆರೆಯಿತು. ನಮ್ಮ ಕೆಳಗಿನ ಮಹಡಿಯ ಅಂಗಡಿಯವರೊಡನೆ ಸೇರಿ ಅಂಥದೇನಾದರೂ ಮಾಡಲಾದೀತೇ ಎಂದು ವಿಚಾರಿಸಿ.

ಏನೇ ಮಾಡಿದರೂ ನಿಲ್ಲಿಸಲೇಬೇಕಾದೀತೆಂದರೆ, ನಿಲ್ಲಿಸಿ. ನಾವು ಸಂಕಟಪಡುವುದಿಲ್ಲ. ಯಾವ ಚಪ್ಪರವೂ ಶಾಶ್ವತವಲ್ಲ. ಆದರೆ ಮೂರು ತಿಂಗಳು ಮುಂಚೆ ಹೇಳಿ. ಹೊರಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದಲು ಬಾರದವರಿಗೆ ಬಾಯಿಂದ ಹೇಳಿ. ಅಡುಗೆಯ ತಾಯಿ ಮುಂದೆ ಎಲ್ಲಿಗೆ ಹೋಗಬೇಕು, ಪೆನ್ಶನಿನ ಗುಮಾಸ್ತರಿಗೆ ನವೆಂಬರಿನಲ್ಲಿ ಯಾರು ಜೊತೆ ಕೂರಬೇಕು ಎಂಬುದಕ್ಕೆ ಒಂದು ಹೆಸರು, ಒಂದು ವಿಳಾಸ ಗೊತ್ತುಮಾಡಿ ಮುಚ್ಚಿ. ಪರೀಕ್ಷೆಯ ಅರ್ಜಿಗಳ ಕಾಲದಲ್ಲಿ ಮಾತ್ರ ಮುಚ್ಚಬೇಡಿ.

ಇನ್ನು ಒಪ್ಪಿಸುವ ಸಾಮಾನುಗಳ ಪಟ್ಟಿ. ಬೀಗದ ಕೈ ಎರಡು. ಗಣಕಯಂತ್ರ ಒಂದು, ಹಳೆಯದು, ಶುರುವಾಗಲು ಹೊತ್ತು ಹಿಡಿಯುತ್ತದೆ, ಬೈಯಬೇಡಿ. ವೈಫೈ ಪೆಟ್ಟಿಗೆ ಒಂದು, ಅದರ ಗುಟ್ಟಿನ ಪದ ಬರೆದ ಲಕೋಟೆ ಒಂದು. ಬಿಲ್ಲುಗಳನ್ನು ಇದುವರೆಗೆ ಪಾವತಿ ಮಾಡಿದ ರಶೀದಿಗಳ ಕಟ್ಟು ಒಂದು. ಸಂಪರ್ಕ ನಮ್ಮಲ್ಲೊಬ್ಬರ ಸ್ವಂತ ಹೆಸರಿನಲ್ಲಿತ್ತು, ಅವರು ಊರಿಗೆ ಹೋದ ಮೇಲೆ ನಿಮಗೆ ಪೇಚಾಟವಾಗಬಾರದೆಂದು ಹೋದ ತಿಂಗಳೇ ಅದನ್ನು ಸಂಘದ ಹೆಸರಿಗೆ ಮಾಡಿಸಿದ್ದೇವೆ.

ಒಂದನ್ನು ಮಾತ್ರ ಒಪ್ಪಿಸುವುದಿಲ್ಲ. ಇಷ್ಟು ವರ್ಷ ಇಲ್ಲಿ ಬಂದವರು ತಮ್ಮ ಹೆಸರು, ಮೊಬೈಲು ನಂಬರು ಬರೆದ ಹಳೆಯ ರಿಜಿಸ್ಟರುಗಳಿವೆ. ಗಣಕಯಂತ್ರದೊಳಗೆ ಅವರು ಬಿಟ್ಟುಹೋದ ಅಂಕಪಟ್ಟಿ, ಆಧಾರ್ ಪ್ರತಿಗಳಿದ್ದವು. ಜನ ಅವನ್ನು ನಮ್ಮನ್ನು ನಂಬಿ ಕೊಟ್ಟದ್ದು, ಸಂಘದ ಆಸ್ತಿಯಾಗಲಿ ಎಂದಲ್ಲ. ಬೇಕಾದವರು ಬಂದು ಒಯ್ಯಲಿ ಎಂದು ಎರಡು ತಿಂಗಳು ಹೊರಬಾಗಿಲಲ್ಲೇ ಸೂಚನೆ ಹಾಕಿದ್ದೆವು. ಬಂದವರು ಒಯ್ದರು. ಗಣಕಯಂತ್ರದಲ್ಲಿ ಉಳಿದುದನ್ನು ಅಳಿಸಿದ್ದೇವೆ. ಕಾನೂನಿನಂತೆ ಇಡಬೇಕಾದಷ್ಟನ್ನು ಕಾರ್ಯದರ್ಶಿಗಳ ಕಪಾಟಿನಲ್ಲಿ ಬೀಗ ಹಾಕಿ ಇಟ್ಟು, ಉಳಿದ ರಿಜಿಸ್ಟರುಗಳನ್ನು ಇಂದು ಸಭೆ ಮುಗಿದ ಮೇಲೆ ನಿಮ್ಮೆಲ್ಲರ ಎದುರಿಗೆ ಹರಿದು ಹಾಕುತ್ತೇವೆ.

ಕುಂದಾಪುರದ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಅವನು ಸರಕಾರಿ ಕೆಲಸಕ್ಕೆ ಸೇರಲಿಲ್ಲ. ಈಗಲೂ ಇದೇ ಊರಿನಲ್ಲಿದ್ದಾನೆ, ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ. ಆದಿತ್ಯವಾರಗಳಲ್ಲಿ ಇಲ್ಲಿಗೆ ಬಂದು, ಅರ್ಜಿ ತುಂಬಲು ಬಾರದವರ ಪಕ್ಕದಲ್ಲಿ ಕೂತು ತುಂಬಿಸಿಕೊಡುತ್ತಾನೆ. ಕಡೆಯ ದಿನ ಯಾವುದು ಎಂದು ಮೊದಲು ಕೇಳಿಕೊಂಡೇ ಕೆಲಸಕ್ಕೆ ತೊಡಗುತ್ತಾನೆ. ಹೊಸ ಸಮಿತಿಯ ಪಟ್ಟಿಯಲ್ಲಿ ಅವನ ಹೆಸರೂ ಇದೆ. ಬೀಗದ ಕೈಗಳಲ್ಲಿ ಒಂದನ್ನು ಅವನ ಕೈಗೆ ಕೊಡಬೇಕೆಂಬುದು ನಮ್ಮೆಲ್ಲರ ಆಸೆ. ಅಧ್ಯಕ್ಷರು ಅನುಮತಿ ಕೊಡಬೇಕು.